ಐವತ್ತೆಂಟರ ಮೇಲೆ ತೆರೆದ ಶಾಲೆ

ನನ್ನ ಸೇವಾವಧಿಯ ಕೊನೆಯ ವರ್ಷ ನಡೆಯುತ್ತಿರುವ ಈ ದಿನಗಳಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕ್ ಎಂಬ ಅಮೆರಿಕದ ಶಿಕ್ಷಕಿಯನ್ನು. ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ 40 ವರ್ಷ ಪಾಠ ಹೇಳಿದ ಅವರನ್ನು 1956ರಲ್ಲಿ ಕೆಲಸದಿಂದ ತೆಗೆದುಹಾಕಲಾಯಿತು. ಆಗ ಅವರ ವಯಸ್ಸು 58. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸದಸ್ಯರು ಸರ್ಕಾರಿ ನೌಕರಿಯಲ್ಲಿ ಇರಕೂಡದೆಂದು ಆ ರಾಜ್ಯ ಕಾನೂನು ಮಾಡಿತ್ತು. ಸದಸ್ಯತ್ವವನ್ನು ಮುಚ್ಚಿಡಲು ಕ್ಲಾರ್ಕ್ ಒಪ್ಪಲಿಲ್ಲ. ಕೆಲಸದ ಜೊತೆಗೆ ಪಿಂಚಣಿಯೂ ಹೋಯಿತು. ನಿವೃತ್ತಿಯ ಲೆಕ್ಕ ಹಾಕುತ್ತಿರುವ ಯಾವ ಶಿಕ್ಷಕಿಗಾದರೂ ಈ ಕೊನೆಯ ಮಾತು ಎಷ್ಟು ಕಠಿಣವೆಂದು ನಾನು ವಿವರಿಸಬೇಕಾಗಿಲ್ಲ.

ಅವರು ಹುಟ್ಟಿದ್ದು 1898ರ ಮೇ 3ರಂದು, ಚಾರ್ಲ್ಸ್‌ಟನ್ ನಗರದಲ್ಲಿ. ತಂದೆ ಗುಲಾಮರಾಗಿಯೇ ಹುಟ್ಟಿದವರು. ತಾಯಿ ಮನೆಯಲ್ಲಿ ಪರರ ಬಟ್ಟೆ ಒಗೆದು ಸಂಸಾರ ತೂಗಿಸಿದವರು. ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಮುಗಿಸಿದಾಗ ಚಾರ್ಲ್ಸ್‌ಟನ್ನಿನ ಸರ್ಕಾರಿ ಶಾಲೆಗಳು ಕಪ್ಪು ಶಿಕ್ಷಕರನ್ನು ನೇಮಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ, 18 ವರ್ಷದ ಹುಡುಗಿ 1916ರಲ್ಲಿ ಸಮೀಪದ ಜಾನ್ಸ್ ದ್ವೀಪಕ್ಕೆ ಹೋಗಬೇಕಾಯಿತು. ಅಲ್ಲಿ ಇಬ್ಬರು ಶಿಕ್ಷಕಿಯರಿಗೆ 132 ಮಕ್ಕಳು. ರಸ್ತೆಯ ಆಚೆ ಬದಿಯ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು. ಆ ಮೂವರಿಗೆ ಪಾಠ ಹೇಳುವವರ ಸಂಬಳ 85 ಡಾಲರ್, ಮುಖ್ಯೋಪಾಧ್ಯಾಯಿನಿಯ ಹೊಣೆಯನ್ನೂ ಹೊತ್ತಿದ್ದ ಕ್ಲಾರ್ಕ್ ಅವರದು 35 ಡಾಲರ್. ಪುಸ್ತಕಗಳಿಲ್ಲದ ಆ ಶಾಲೆಯಲ್ಲಿ ಅವರು ಬಟ್ಟೆ ಶುಚಿ ಮಾಡುವ ಅಂಗಡಿಯ ಕಾಗದದ ಚೀಲಗಳ ಮೇಲೆ ಮಕ್ಕಳೇ ಹೇಳಿದ ಕಥೆಗಳನ್ನು, ಅವರ ಸುತ್ತಮುತ್ತಲಿನ ಮರಗಿಡಗಳ ಹೆಸರುಗಳನ್ನು ಬರೆದು, ಅದನ್ನೇ ಓದಿಸಿದರು. ರಾತ್ರಿ ಹೊತ್ತು ದೊಡ್ಡವರೂ ಕಲಿಯಲು ಬರುತ್ತಿದ್ದರು. ಮುಂದೆ ಅವರು ಮಾಡಿದ್ದೆಲ್ಲದರ ಬೀಜ ಈ ಚೀಲಗಳಲ್ಲಿಯೇ ಇತ್ತೆಂದು ನನಗೆ ಅನ್ನಿಸುತ್ತದೆ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಮದುವೆಯಾಗಿ ಐದು ವರ್ಷಗಳಲ್ಲಿ, ಮೊದಲ ಮಗುವನ್ನೂ ಆಮೇಲೆ ಗಂಡನನ್ನೂ ಕಳೆದುಕೊಂಡರು. ಪಾಠ ಹೇಳುತ್ತಲೇ ಬೇರೆ ಬೇರೆ ಕಾಲೇಜುಗಳಲ್ಲಿ ಓದಿ 1942ರಲ್ಲಿ ಪದವಿಯನ್ನು, 1946ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಬಿಳಿಯ ಶಿಕ್ಷಕರಿಗೆ ಸಮನಾದ ವೇತನಕ್ಕಾಗಿ ಕೊಲಂಬಿಯಾ ನಗರದಲ್ಲಿ ನಡೆದ ಮೊಕದ್ದಮೆಗೆ ದುಡಿದರು. ಆ ಮೊಕದ್ದಮೆಯನ್ನು ನಡೆಸಿದ ಥರ್ಗುಡ್ ಮಾರ್ಷಲ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ನನ್ನನ್ನು ಹೆಚ್ಚು ಕಾಡಿರುವುದು 1956ರ ಇನ್ನೊಂದು ಸಂಗತಿ. ಕ್ಲಾರ್ಕ್ ತಮ್ಮ ರಾಜ್ಯದ 726 ಮಂದಿ ಕಪ್ಪು ಶಿಕ್ಷಕರಿಗೆ ಪತ್ರ ಬರೆದು, ಈ ಕಾನೂನನ್ನು ಒಟ್ಟಾಗಿ ಪ್ರತಿಭಟಿಸೋಣ ಎಂದು ಕೇಳಿಕೊಂಡರು. ಉತ್ತರ ಬರೆದವರು 26 ಮಂದಿ. ಉಳಿದವರನ್ನು ಅವರು ಹೇಡಿಗಳೆಂದು ದೂರಬಹುದಿತ್ತು, ದೂರಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬದಲಿಗೆ ಇದು ತಮ್ಮದೇ ಬದುಕಿನ ಸೋಲುಗಳಲ್ಲೊಂದು, ಇನ್ನೂ ಸಿದ್ಧರಾಗಿಲ್ಲದವರನ್ನು ತಾನು ಮುಂದಕ್ಕೆ ತಳ್ಳಲು ಹೋದೆ ಎಂದು ಅವರು ಹೇಳಿಕೊಂಡರು. ಪಾಠ ಮಕ್ಕಳ ತಲೆಗೆ ಹತ್ತದಿದ್ದಾಗ ನಾವು ಸಾಮಾನ್ಯವಾಗಿ ಮಕ್ಕಳನ್ನು ಬಯ್ಯುತ್ತೇವೆ. ನಾನೂ ಬಯ್ದಿದ್ದೇನೆ, ಅದನ್ನು ನೆನೆದರೆ ಈಗ ನೋವಾಗುತ್ತದೆ. 40 ವರ್ಷ ಪಾಠ ಹೇಳಿದ ಮೇಲೂ, ಕೆಲಸ ಕಳೆದುಕೊಂಡ ಆ ಹೊತ್ತಿನಲ್ಲಿಯೂ, ಎಡವಿದ್ದು ಕಲಿಸುವವಳು ಎಂದುಕೊಳ್ಳುವ ಮನಸ್ಸು ಅವರಿಗಿತ್ತು.

ಕೆಲಸ ಹೋದ ಮೇಲೆ ಅವರನ್ನು ಕರೆದುಕೊಂಡದ್ದು ಟೆನೆಸಿ ರಾಜ್ಯದ ಹೈಲ್ಯಾಂಡರ್ ಫೋಕ್ ಸ್ಕೂಲ್. ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನಲ್ಲಿ ಊಟ ಮಾಡಿ ಒಟ್ಟಿಗೆ ಕಲಿಯುತ್ತಿದ್ದ ಅಪರೂಪದ ಜಾಗವದು. ಕೆಲಸ ಹೋಗುವ ಮೊದಲೇ, 1955ರ ಬೇಸಿಗೆಯಲ್ಲಿ, ಕ್ಲಾರ್ಕ್ ಅಲ್ಲಿ ನಡೆಸಿದ ಶಿಬಿರಕ್ಕೆ ರೋಸಾ ಪಾರ್ಕ್ಸ್ ಬಂದಿದ್ದರು; ಅದೇ ಡಿಸೆಂಬರಿನಲ್ಲಿ ಅವರು ಮಾಂಟ್‌ಗೊಮರಿಯ ಬಸ್ಸಿನಲ್ಲಿ ತಮ್ಮ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ.

ಜಾನ್ಸ್ ದ್ವೀಪದಲ್ಲಿ ಇಸಾ ಜೆಂಕಿನ್ಸ್ ಎಂಬವರು ದ್ವೀಪದ ಕೂಲಿಗಾರರನ್ನು ತಮ್ಮ ಬಸ್ಸಿನಲ್ಲಿ ಚಾರ್ಲ್ಸ್‌ಟನ್ನಿಗೆ ಕರೆದೊಯ್ಯುತ್ತಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕೆಂಬ ನಿಯಮವಿದ್ದುದರಿಂದ, ಅವರು ದಾರಿಯುದ್ದಕ್ಕೂ ಪ್ರಯಾಣಿಕರಿಗೆ ಆ ಭಾಗವನ್ನು ಹೇಳಿಕೊಡುತ್ತಿದ್ದರು. ಒಬ್ಬ ಮಹಿಳೆ ಅದನ್ನು ಬಾಯಿಪಾಠ ಮಾಡಿಯೇ ಪರೀಕ್ಷೆ ದಾಟಿದರು. ಆದರೆ ತನಗೆ ನಿಜವಾಗಿಯೂ ಓದಲು ಕಲಿಯಬೇಕು ಎಂದು ಕೇಳಿದರು. ಶಾಲೆ ಹುಟ್ಟಿದ್ದು ಈ ಬೇಡಿಕೆಯಿಂದ.

1957ರ ಜನವರಿಯಲ್ಲಿ ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊದಲ ತರಗತಿ ಆರಂಭವಾಯಿತು. ಮುಂದೆ ದಿನಸಿ ವ್ಯಾಪಾರ, ಹಿಂದೆ ಪಾಠ. ಬಿಳಿಯರಿಗೆ ಅನುಮಾನ ಬರದಿರಲೆಂದು ಈ ಏರ್ಪಾಡು. ಪಾಠ ಹೇಳಲು ಕ್ಲಾರ್ಕ್ ಆರಿಸಿದ್ದು ಶಿಕ್ಷಕರನ್ನಲ್ಲ, ತಮ್ಮ ಸಂಬಂಧಿಯಾದ ಬರ್ನೀಸ್ ರಾಬಿನ್ಸನ್ ಎಂಬ ಕೇಶಾಲಂಕಾರದ ಕೆಲಸದವರನ್ನು. ಅವರ ಗಿರಾಕಿಗಳೆಲ್ಲ ಕಪ್ಪು ಮಹಿಳೆಯರೇ ಆಗಿದ್ದರಿಂದ ಯಾವ ಅಧಿಕಾರಿಯೂ ಅವರ ಅನ್ನ ಕಿತ್ತುಕೊಳ್ಳುವಂತಿರಲಿಲ್ಲ; ಅಲ್ಲದೆ ಗದರಿಸಿ ಕಲಿಸುವ ಅಭ್ಯಾಸವೂ ಅವರಿಗಿರಲಿಲ್ಲ. ಮೊದಲ ದಿನ ಮಕ್ಕಳ ಪುಸ್ತಕ ತೆರೆಯುವ ಬದಲು ನಿಮಗೆ ಏನು ಕಲಿಯಬೇಕಾಗಿದೆ ಎಂದು ಅಲ್ಲಿದ್ದವರನ್ನೇ ಕೇಳಲಾಯಿತು. ಅವರಿಗೆ ತಮ್ಮ ಹೆಸರು ಬರೆಯಬೇಕಿತ್ತು, ಬೈಬಲ್ ಓದಬೇಕಿತ್ತು, ಮನಿ ಆರ್ಡರ್ ಫಾರಂ ತುಂಬಬೇಕಿತ್ತು. ಅದೇ ಪಠ್ಯಕ್ರಮವಾಯಿತು.

ಹೆಸರು ಕಲಿಸುತ್ತಿದ್ದ ಬಗೆಯನ್ನು ನಾನು ತುಸು ಹತ್ತಿರದಿಂದ ನೋಡಬಯಸುತ್ತೇನೆ. ಒಂದು ರಟ್ಟಿನ ತುಂಡಿನ ಮೇಲೆ ಕಲಿಯುವವರ ಹೆಸರನ್ನು ಬರೆದುಕೊಡುವುದು; ಅವರು ಅದೇ ಅಕ್ಷರಗಳ ಮೇಲೆ ಮತ್ತೆ ಮತ್ತೆ ಪೆನ್ಸಿಲ್ ಆಡಿಸುವುದು. ಕೈಗೆ ತಿರುವುಗಳು ಅಭ್ಯಾಸವಾದ ಮೇಲೆ ರಟ್ಟನ್ನು ಬದಿಗಿಟ್ಟು ಬರೆಯುವುದು. ನಾವು ತಿದ್ದುವುದು ಎನ್ನುತ್ತೇವಲ್ಲ, ಅದೇ ಇದು. ವಯಸ್ಸಾದವರೊಬ್ಬರಿಗೆ ನಾನು ಹೀಗೆ ತಿದ್ದಿಸಿದ್ದೇನೆ. ದುಡಿದು ಗಟ್ಟಿಯಾದ ಬೆರಳುಗಳು ಪೆನ್ಸಿಲನ್ನು ಗುದ್ದಲಿ ಹಿಡಿದಂತೆ ಬಿಗಿಯಾಗಿ ಹಿಡಿದು, ಒತ್ತಿದ ರಭಸಕ್ಕೆ ಮೊನೆ ಮುರಿದಾಗ ಅವರು ಅಪರಾಧ ಮಾಡಿದವರಂತೆ ನನ್ನ ಮುಖ ನೋಡಿದರು. ಆ ಕ್ಷಣದಲ್ಲಿ ಕಲಿಸುವವರು ಏನು ಹೇಳುತ್ತಾರೆ ಎಂಬುದರ ಮೇಲೆ ಅವರು ಮರುದಿನ ಬರುವುದೋ ಬಿಡುವುದೋ ನಿಂತಿರುತ್ತದೆ. ಪೆನ್ಸಿಲ್ ಮುರಿದರೆ ಇನ್ನೊಂದು ಪೆನ್ಸಿಲ್ ಇದೆ, ಚಿಂತೆಯಿಲ್ಲ ಎಂದು ಹೇಳುವುದನ್ನು ಕ್ಲಾರ್ಕ್ ತಾವು ತರಬೇತಿ ಕೊಟ್ಟವರಿಗೆಲ್ಲ ಕಲಿಸಿದ್ದರು ಎಂದೇ ನಾನು ನಂಬಿದ್ದೇನೆ.

1959ರಲ್ಲಿ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿ, ಮದ್ಯವನ್ನೇ ಮುಟ್ಟದ ಕ್ಲಾರ್ಕ್ ಅವರನ್ನು ಮದ್ಯ ಇರಿಸಿಕೊಂಡ ಆರೋಪದ ಮೇಲೆ ಬಂಧಿಸಿದರು, ಆರೋಪ ನಿಲ್ಲಲಿಲ್ಲ. 1961ರಲ್ಲಿ, ಪೌರತ್ವ ಶಾಲೆಗಳೆಂದು ಹೆಸರಾದ ಈ ತರಗತಿಗಳ ಕೆಲಸ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಗೆ ಬಂದಿತು, ಕ್ಲಾರ್ಕ್ ಕೂಡ ಅದರೊಂದಿಗೆ ಬಂದರು. ಅರವತ್ತು ದಾಟಿದ ಅವರು ದಕ್ಷಿಣದ ರಾಜ್ಯಗಳನ್ನು ಬಸ್ಸುಗಳಲ್ಲಿ ಸುತ್ತಿ, ಓದುಬರಹ ಬಲ್ಲವರನ್ನು ಹಳ್ಳಿ ಹಳ್ಳಿಗಳಲ್ಲಿ ಹುಡುಕಿ, ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ತರಬೇತಿ ಕೊಟ್ಟರು. 1970ರ ಹೊತ್ತಿಗೆ ಇಂಥ ಸುಮಾರು 900 ಶಾಲೆಗಳು ನಡೆದಿದ್ದವು. 1964ರಲ್ಲಿ ಕಿಂಗ್ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಓಸ್ಲೋಗೆ ಹೋದಾಗ ಕ್ಲಾರ್ಕ್ ಜೊತೆಯಲ್ಲಿದ್ದರು. ಆದರೂ ಆ ಸಂಘಟನೆಯ ಗಂಡಸರು ಹೆಂಗಸರ ಮಾತಿಗೆ ತಕ್ಕ ಬೆಲೆ ಕೊಡಲಿಲ್ಲ ಎಂಬುದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಚಳವಳಿಯನ್ನು ಅಷ್ಟು ಪ್ರೀತಿಸಿದವರು ಅದರ ತಪ್ಪನ್ನೂ ಹೇಳಿದ್ದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿದೆ.

1970ರಲ್ಲಿ ಅಲ್ಲಿಂದ ನಿವೃತ್ತರಾಗಿ ಚಾರ್ಲ್ಸ್‌ಟನ್ನಿಗೆ ಮರಳಿದರು. 1975ರಲ್ಲಿ ಅಲ್ಲಿನ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಗೆದ್ದರು. ಯಾವ ಊರಿನ ಶಾಲೆಗಳು ಅವರನ್ನು ಹೊರಗೆ ಹಾಕಿದ್ದವೋ ಅದೇ ಊರಿನ ಶಾಲೆಗಳ ಬಗ್ಗೆ ತೀರ್ಮಾನ ಕೈಗೊಳ್ಳುವ ಸಭೆಯಲ್ಲಿ, 77ರ ವಯಸ್ಸಿನಲ್ಲಿ, ಅವರು ಕುಳಿತರು. ಮರುವರ್ಷ, ಅವರನ್ನು ತೆಗೆದುಹಾಕಿದ್ದು ಅನ್ಯಾಯವೆಂದು ರಾಜ್ಯಪಾಲರು ಒಪ್ಪಿ, ಪಿಂಚಣಿಯನ್ನು ಮರಳಿ ಮಂಜೂರು ಮಾಡಿದರು. 20 ವರ್ಷಗಳ ವಿಳಂಬವದು. ಅದನ್ನು ಸಂತೋಷದ ಸುದ್ದಿಯೆಂದು ಓದಲು ನನಗೆ ಈಗಲೂ ಸಾಧ್ಯವಾಗುವುದಿಲ್ಲ. ಮಂಡಳಿಯಲ್ಲಿ ಅವರು ಎರಡು ಅವಧಿ ಕೆಲಸ ಮಾಡಿದರು. 1987ರ ಡಿಸೆಂಬರ್ 15ರಂದು, 89ರ ವಯಸ್ಸಿನಲ್ಲಿ, ಜಾನ್ಸ್ ದ್ವೀಪದಲ್ಲಿ ತೀರಿಕೊಂಡರು.