ಡ್ಯಾನ್ಯೂಬ್ ತಿರುವಿನ ಮೂರು ಊರುಗಳು

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ಹುಟ್ಟಿ, ಹತ್ತು ದೇಶಗಳ ನೆಲವನ್ನು ಮುಟ್ಟುತ್ತ ಸುಮಾರು 2,850 ಕಿಲೋಮೀಟರ್ ಹರಿದು ಕಪ್ಪು ಸಮುದ್ರವನ್ನು ಸೇರುವ ಡ್ಯಾನ್ಯೂಬ್ ನದಿ, ಅಲ್ಲಿಯವರೆಗೆ ಬಹುಮಟ್ಟಿಗೆ ಪೂರ್ವಕ್ಕೇ ಮುಖಮಾಡಿ ಬಂದದ್ದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಇನ್ನು ನಲವತ್ತು ಕಿಲೋಮೀಟರ್ ಇದೆ ಎನ್ನುವಾಗ ಎರಡು ಬೆಟ್ಟಸಾಲುಗಳ ನಡುವೆ ಸಿಕ್ಕಿ ದಕ್ಷಿಣಕ್ಕೆ ಹೊರಳಿಬಿಡುತ್ತದೆ. ಹಂಗೇರಿಯನ್ನರು ಈ ಪ್ರದೇಶವನ್ನು ಡ್ಯಾನ್ಯೂಬ್ ತಿರುವು ಎಂದೇ ಕರೆಯುತ್ತಾರೆ. ತಿರುವಿನ ಬಲದಂಡೆಯ ಮೇಲೆ ಎಸ್ತರ್ಗೋಮ್, ವಿಶೆಗ್ರಾಡ್, ಸೆಂಟೆಂಡ್ರೆ ಎಂಬ ಮೂರು ಹಳೆಯ ಊರುಗಳು ಒಂದರ ನಂತರ ಒಂದರಂತೆ ಇವೆ. ಮೊದಲನೆಯದು ಹಂಗೇರಿಯ ಕ್ಯಾಥೊಲಿಕ್ ಧರ್ಮಪೀಠದ ಊರು, ಎರಡನೆಯದು ಅರಸರ ಊರು, ಮೂರನೆಯದು ನೆಲೆ ಕಳೆದುಕೊಂಡು ಬಂದ ಜನ ಕಟ್ಟಿಕೊಂಡ ಊರು. ಈ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ, ಸಂಜೆ ದೋಣಿಯಲ್ಲಿ ನಗರಕ್ಕೆ ಮರಳಿ ಕರೆತರುವ ಪ್ರವಾಸವೊಂದಕ್ಕೆ ನಾನೂ ನನ್ನ ಭಾವನೂ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹೊರಟೆವು.

ಭಾವ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಯಾವ ನದಿಯ ದಡಕ್ಕೆ ಹೋದರೂ ಅವರು ಮೊದಲು ನೋಡುವುದು ನೀರಿನ ವೇಗವನ್ನು ಮತ್ತು ಎರಡೂ ಬದಿಯ ದಂಡೆಗಳ ಎತ್ತರವನ್ನು. ನನಗೆ ಹಳೆಯ ಕಟ್ಟಡಗಳ ಮೇಲೆ ಆಸೆ. ಹೀಗಾಗಿ ಒಂದೇ ಬಸ್ಸಿನಲ್ಲಿ ಕುಳಿತು ಇಬ್ಬರೂ ಬೇರೆ ಬೇರೆ ಪ್ರವಾಸ ಮಾಡಬಹುದಿತ್ತು. ಹಾಗಾಗದಂತೆ ತಡೆದವರು ನಮ್ಮ ಮಾರ್ಗದರ್ಶಿ. ಇತಿಹಾಸವನ್ನು ಓದಿಕೊಂಡಿದ್ದ ಆ ಮಧ್ಯವಯಸ್ಸಿನ ಮಹಿಳೆ, ಬಸ್ಸು ಬುಡಾ ಬೆಟ್ಟಗಳನ್ನು ದಾಟುವ ಮೊದಲೇ ಒಂದು ಮಾತು ಹೇಳಿದರು. ಈ ದಿನ ನೋಡಲಿರುವ ಕಟ್ಟಡಗಳಲ್ಲಿ ಒಂದೂ ಕಟ್ಟಿದ ಸ್ಥಿತಿಯಲ್ಲಿ ಉಳಿದು ಬಂದಿಲ್ಲ, ಆದ್ದರಿಂದ ಯಾರು ಕಟ್ಟಿದರು ಎಂದು ಕೇಳುವುದರ ಜೊತೆಗೆ ಯಾರು ಕೆಡವಿದರು, ಯಾರು ಮತ್ತೆ ಎತ್ತಿ ನಿಲ್ಲಿಸಿದರು ಎಂದೂ ಕೇಳುತ್ತ ಬನ್ನಿ ಎಂದರು. ನಾನು ಕಂಡ ಮಾರ್ಗದರ್ಶಿಗಳಲ್ಲಿ ಹೆಚ್ಚಿನವರು ಇಸವಿಗಳನ್ನು ಒಪ್ಪಿಸಿ ಮುಂದಕ್ಕೆ ಹೋಗುವವರು. ನೋಡುವುದಕ್ಕೆ ಒಂದು ದಾರಿಯನ್ನೇ ಕೊಟ್ಟವರು ಇವರು.

ಎಸ್ತರ್ಗೋಮ್ ಸಮೀಪಿಸುವುದಕ್ಕೆ ಬಹಳ ಮೊದಲೇ ಬೆಟ್ಟದ ಮೇಲಿನ ಬಸಿಲಿಕಾದ ಹಸಿರು ಗುಮ್ಮಟ ಕಾಣುತ್ತದೆ. ನೂರು ಮೀಟರ್ ಎತ್ತರದ ಈ ಕಟ್ಟಡ ಹಂಗೇರಿಯ ಅತಿ ದೊಡ್ಡ ಚರ್ಚು. ಕ್ರೈಸ್ತ ಹಂಗೇರಿಯ ಮೊದಲ ಅರಸ ಸ್ಟೀಫನ್ ಹುಟ್ಟಿದ್ದು ಈ ಊರಿನಲ್ಲಿ ಎಂದು ನಂಬಿಕೆ. ಆರ್ಚ್‌ಬಿಷಪ್ಪರ ಪೀಠ ಅವನ ಕಾಲದಲ್ಲೇ ಇಲ್ಲಿ ಸ್ಥಾಪನೆಯಾಯಿತು. ಆದರೆ 1543ರಲ್ಲಿ ಆಟೊಮನ್ ತುರ್ಕರು ಊರನ್ನು ಹಿಡಿದಾಗ ಧರ್ಮಪೀಠ ಈಗಿನ ಸ್ಲೊವಾಕಿಯದಲ್ಲಿರುವ ತ್ರ್ನಾವಾಕ್ಕೆ ಸ್ಥಳಾಂತರಗೊಂಡಿತು. ತುರ್ಕರು 1683ರಲ್ಲಿ ಹೊರಟುಹೋದರೂ ಪೀಠ ಮರಳಿದ್ದು 1820ರಲ್ಲಿ. ಹೊಸ ಬಸಿಲಿಕಾದ ಕೆಲಸ 1822ರಲ್ಲಿ ಆರಂಭವಾಗಿ, 1856ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. ಆ ದಿನಕ್ಕೆಂದೇ ಹೆಸರಾಂತ ಸಂಗೀತ ರಚನೆಕಾರ ಫ್ರಾನ್ಸ್ ಲಿಸ್ಟ್ ಒಂದು ಪ್ರಾರ್ಥನಾ ಸಂಗೀತವನ್ನು ರಚಿಸಿ, ತಾನೇ ನಿಂತು ನಿರ್ದೇಶಿಸಿದ. ಒಳಗಿನ ಮುಖ್ಯ ವೇದಿಯ ಹಿಂದೆ ಮೈಕೆಲೇಂಜಲೊ ಗ್ರಿಗೊಲೆಟ್ಟಿ ಬರೆದ, ಹದಿಮೂರು ಮೀಟರ್‌ಗೂ ಹೆಚ್ಚು ಎತ್ತರದ ಚಿತ್ರವಿದೆ. ದೊಡ್ಡದು ಎಂಬ ಬೆರಗು ಬಿಟ್ಟರೆ ಅದು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಲಿಲ್ಲ.

ಹಿಡಿದು ನಿಲ್ಲಿಸಿದ್ದು ಎಡಬದಿಯ ಬಾಕೋಟ್ಸ್ ಪ್ರಾರ್ಥನಾ ಮಂದಿರ. ಆರ್ಚ್‌ಬಿಷಪ್ ತಮಾಶ್ ಬಾಕೋಟ್ಸ್ 1506ರ ಸುಮಾರಿನಲ್ಲಿ ಫ್ಲಾರೆನ್ಸಿನ ಶಿಲ್ಪಿಗಳನ್ನು ಕರೆಸಿ, ಹತ್ತಿರದ ಗಣಿಗಳ ಕೆಂಪು ಕಲ್ಲಿನಲ್ಲಿ ಇದನ್ನು ಕಟ್ಟಿಸಲು ಆರಂಭಿಸಿದ. ಹಳೆಯ ಚರ್ಚಿನಲ್ಲಿ ತುರ್ಕರ ಆಳ್ವಿಕೆಯನ್ನು ದಾಟಿ ಉಳಿದುಕೊಂಡದ್ದು ಇದೊಂದೇ ಭಾಗ. ಹೊಸ ಬಸಿಲಿಕಾ ಏಳುವಾಗ ಇದನ್ನು ಕೆಡವಬೇಕಾಗಿತ್ತು. ಕೆಡವುವ ಬದಲು 1823ರಲ್ಲಿ ಸುಮಾರು 1,600 ತುಂಡುಗಳಾಗಿ ಬಿಡಿಸಿ, ಒಂದೊಂದಕ್ಕೂ ಗುರುತು ಹಾಕಿ, ಇಪ್ಪತ್ತು ಮೀಟರ್ ಆಚೆ ಒಯ್ದು ಮತ್ತೆ ಜೋಡಿಸಿದರು. ಕ್ರೇನು, ಲಾರಿಗಳಿಲ್ಲದ ಕಾಲ ಅದು. ಭಾವ ಕಲ್ಲಿನ ಸಂದುಗಳನ್ನು ಹುಡುಕುತ್ತ ಗೋಡೆಯ ಪಕ್ಕದಲ್ಲೇ ನಡೆದರು. ಕಮಾನಿನ ಕೆಳಗೆ ಒಂದೆರಡು ಕಡೆ ಕೂದಲೆಳೆಯಂಥ ಗೆರೆಗಳು ಕಂಡವು. ಉಳಿದಂತೆ ಆ ಕೆಂಪು ಗೋಡೆ ಒಂದೇ ಬಂಡೆಯಿಂದ ಕಡೆದಂತೆ ಇತ್ತು. “ಹೊಸದಾಗಿ ಕಟ್ಟುವುದು ಇದಕ್ಕಿಂತ ಸುಲಭವಾಗಿತ್ತು, ಆದರೂ ಮಾಡಿದ್ದಾರಲ್ಲ” ಎಂದು ಭಾವ ಹೇಳಿದ ಮಾತಿನಲ್ಲಿ ಕಟ್ಟುವ ಕಸುಬಿನವರಿಗೆ ಮಾತ್ರ ಇರುವ ಗೌರವವಿತ್ತು.

ಬಸಿಲಿಕಾದ ಹಿಂಬದಿಯ ಕಟ್ಟೆಯ ಮೇಲೆ ನಿಂತರೆ ಕೆಳಗೆ ನದಿ, ನದಿಯ ಆಚೆಗೆ ಸ್ಲೊವಾಕಿಯದ ಶ್ಟೂರೊವೊ, ನಡುವೆ ಐನೂರು ಮೀಟರ್ ಉದ್ದದ ತಿಳಿಹಸಿರು ಬಣ್ಣದ ಉಕ್ಕಿನ ಸೇತುವೆ. ಆಸ್ಟ್ರಿಯ-ಹಂಗೇರಿಯ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಮಗಳು ಮರಿಯಾ ವಲೇರಿಯಾಳ ಹೆಸರು ಹೊತ್ತ ಈ ಸೇತುವೆ 1895ರಲ್ಲಿ ತೆರೆದದ್ದು. 1944ರ ಡಿಸೆಂಬರಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಅದನ್ನು ಸಿಡಿಸಿತು. ಯುದ್ಧ ಮುಗಿದ ಮೇಲೂ ನಡುಭಾಗವಿಲ್ಲದ ಮೊಂಡು ಸೇತುವೆ ನೀರಿನಲ್ಲಿ ಹಾಗೆಯೇ ನಿಂತಿತ್ತು. ನದಿಯೇ ಎರಡು ದೇಶಗಳ ಗಡಿಯಾಗಿದ್ದ ಕಾರಣ ಅದನ್ನು ಜೋಡಿಸುವ ತುರ್ತು ಆಳುವವರಿಗೆ ಕಾಣಲಿಲ್ಲ. ಎದುರು ದಡದಲ್ಲಿಯೂ ಹಂಗೇರಿಯನ್ ಮಾತನಾಡುವವರೇ ಹೆಚ್ಚಾಗಿದ್ದು, ಈ ಬದಿಯಲ್ಲಿ ಅವರ ನೆಂಟರಿದ್ದರು. ಸೇತುವೆ ಮತ್ತೆ ಕೂಡಿಕೊಂಡದ್ದು 2001ರಲ್ಲಿ. 2004ರಲ್ಲಿ ಎರಡೂ ದೇಶಗಳು ಯುರೋಪಿಯನ್ ಒಕ್ಕೂಟಕ್ಕೆ ಸೇರಿದವು, 2007ರ ಕೊನೆಗೆ ಗಡಿ ತಪಾಸಣೆಯೂ ನಿಂತಿತು. ಈಗ ಜನ ಕೈಚೀಲ ಹಿಡಿದು ನಡೆದೇ ಬೇರೆ ದೇಶಕ್ಕೆ ಹೋಗಿ ಬರುತ್ತಾರೆ. ನಮ್ಮ ತಂಡಕ್ಕೆ ಸೇತುವೆಯ ಮೇಲೆ ನಡೆಯಲು ಸಮಯ ಕೊಟ್ಟಿರಲಿಲ್ಲ. ಎರಡು ದಂಡೆಗಳ ಇತಿಹಾಸವನ್ನು ತೋರಿಸುವ ಪ್ರವಾಸದಲ್ಲಿ ಒಂದೇ ದಂಡೆಯನ್ನು ತುಳಿಸುವುದು ಸರಿಯಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎಸ್ತರ್ಗೋಮ್‌ನಿಂದ ವಿಶೆಗ್ರಾಡ್‌ಗೆ ಹೋಗುವ ರಸ್ತೆ ನದಿಯನ್ನು ಹೆಚ್ಚಾಗಿ ಬಿಟ್ಟಗಲುವುದಿಲ್ಲ. ಬಸ್ಸು ನೇರವಾಗಿ ಬೆಟ್ಟದ ಮೇಲಿನ ಕೋಟೆಗೆ ಏರಿತು. 1241ರಲ್ಲಿ ಮಂಗೋಲರ ದಾಳಿಗೆ ಹಂಗೇರಿ ತತ್ತರಿಸಿಹೋದ ಮೇಲೆ, ಮರದ ಕೋಟೆಗಳಿಂದ ಪ್ರಯೋಜನವಿಲ್ಲವೆಂದು ಅರಿತ ಅರಸ ನಾಲ್ಕನೆಯ ಬೇಲಾ ದೇಶದುದ್ದಕ್ಕೂ ಕಲ್ಲಿನ ಕೋಟೆಗಳನ್ನು ಕಟ್ಟಿಸಿದ. ಅವುಗಳಲ್ಲಿ ಇದೂ ಒಂದು. 1335ರಲ್ಲಿ ಹಂಗೇರಿಯ ಒಂದನೆಯ ಚಾರ್ಲ್ಸ್, ಪೋಲೆಂಡಿನ ಕಾಸಿಮಿರ್, ಈಗಿನ ಚೆಕ್ ನಾಡಾದ ಬೊಹೆಮಿಯದ ಜಾನ್ ಎಂಬ ಮೂವರು ಅರಸರು ಈ ಊರಿನಲ್ಲಿ ಸೇರಿ ತಮ್ಮ ಜಗಳಗಳನ್ನು ಬಗೆಹರಿಸಿಕೊಂಡರು, ವಿಯೆನ್ನಾವನ್ನು ತಪ್ಪಿಸಿ ಹೋಗುವ ಹೊಸ ವ್ಯಾಪಾರ ಮಾರ್ಗಗಳಿಗೆ ಒಪ್ಪಿದರು. 1991ರಲ್ಲಿ ಕಮ್ಯುನಿಸ್ಟ್ ಆಡಳಿತದಿಂದ ಹೊರಬಂದ ಅದೇ ನಾಡುಗಳ ನಾಯಕರು ಮತ್ತೆ ಇಲ್ಲಿಯೇ ಕೂಡಿ ಒಂದು ಒಕ್ಕೂಟ ಮಾಡಿಕೊಂಡದ್ದು ಆ ನೆನಪನ್ನು ಬೇಕೆಂದೇ ಕರೆದು ತಂದಂತಿತ್ತು.

ಈ ಕೋಟೆಯ ಕಥೆಗಳಲ್ಲಿ ಮಾರ್ಗದರ್ಶಿ ಅತ್ಯಂತ ಪ್ರೀತಿಯಿಂದ ಹೇಳಿದ್ದು ಎಲೆನಾ ಕೊಟ್ಟಾನರ್ ಎಂಬ ದಾಸಿಯ ಕಥೆಯನ್ನು. 1439ರಲ್ಲಿ ಅರಸ ಆಲ್ಬರ್ಟ್ ತೀರಿಕೊಂಡಾಗ ರಾಣಿ ಎಲಿಜಬೆತ್ ಗರ್ಭಿಣಿ. ಪ್ರಬಲರಾದ ಸಾಮಂತರು ಪೋಲೆಂಡಿನ ಅರಸನನ್ನು ಸಿಂಹಾಸನಕ್ಕೆ ಕರೆಯುವ ಸನ್ನಾಹದಲ್ಲಿದ್ದರು. ಸ್ಟೀಫನ್ನನ ಕಿರೀಟವಿಲ್ಲದೆ ಯಾರ ಪಟ್ಟಾಭಿಷೇಕವೂ ಸಿಂಧುವಾಗದು ಎಂಬುದು ಆ ನಾಡಿನ ನಂಬಿಕೆ, ಮತ್ತು ಕಿರೀಟ ಇದ್ದದ್ದು ಈ ಕೋಟೆಯ ಭದ್ರ ಕೋಣೆಯಲ್ಲಿ. 1440ರ ಫೆಬ್ರವರಿಯಲ್ಲಿ ಎಲೆನಾ ರಾಣಿಯ ಆಣತಿಯಂತೆ ಒಬ್ಬ ಸಹಾಯಕನನ್ನು ಕರೆದುಕೊಂಡು ಬಂದು, ರಾತ್ರಿ ಬೀಗಗಳನ್ನು ಅರದಿಂದ ಕೊಯ್ಯಿಸಿ, ಕಿರೀಟವನ್ನು ಮೆತ್ತೆಯೊಳಗೆ ಹೊಲಿದು, ಹೆಪ್ಪುಗಟ್ಟಿದ ಡ್ಯಾನ್ಯೂಬನ್ನು ಜಾರುಬಂಡಿಯಲ್ಲಿ ದಾಟಿ ರಾಣಿ ಇದ್ದ ಕೊಮಾರೊಮ್ ಸೇರಿದಳು. ಅವಳು ತಲುಪಿದ ರಾತ್ರಿಯೇ ರಾಣಿಗೆ ಗಂಡುಮಗು ಹುಟ್ಟಿತು. ಮೂರು ತಿಂಗಳು ತುಂಬುವ ಮೊದಲೇ ಆ ಕೂಸಿಗೆ ಪಟ್ಟಾಭಿಷೇಕವಾಯಿತು. ಇದನ್ನೆಲ್ಲ ಎಲೆನಾಳೇ ಜರ್ಮನ್ ಭಾಷೆಯಲ್ಲಿ ದಾಖಲಿಸಿಟ್ಟಿದ್ದಾಳೆ. ದಾಸಿಯೊಬ್ಬಳ ಮಾತು ಅವಳದೇ ದನಿಯಲ್ಲಿ ಆ ಕಾಲದಿಂದ ನಮ್ಮವರೆಗೆ ಬಂದಿರುವುದು ಕಿರೀಟದ ಕಳವಿಗಿಂತ ದೊಡ್ಡ ಅಚ್ಚರಿಯಾಗಿ ನನಗೆ ಕಂಡಿತು.

ಕೋಟೆಯ ಬುಡದಲ್ಲಿ, ನದಿಗೆ ಹತ್ತಿರವಾಗಿ, ಅರಮನೆ ಇದೆ. ಹದಿನೈದನೆಯ ಶತಮಾನದಲ್ಲಿ ಮಥಿಯಾಸ್ ಅರಸನ ಕಾಲಕ್ಕೆ ಇದು ಯುರೋಪಿನಲ್ಲಿ ಹೆಸರಾಗಿತ್ತು. 1544ರಲ್ಲಿ ಊರು ತುರ್ಕರ ಕೈಸೇರಿದ ಮೇಲೆ ಪಾಳುಬಿದ್ದಿತು. ಬೆಟ್ಟದ ಮಣ್ಣು ಜಾರಿ ಮೇಲೆ ಕೂತಿತು, ಉಳಿದ ಕಲ್ಲುಗಳು ಊರವರ ಮನೆಗಳಿಗೆ ಹೋದವು, ಕೊನೆಗೆ ಅಂಥ ಅರಮನೆ ನಿಜವಾಗಿಯೂ ಇತ್ತೇ ಎಂದು ವಿದ್ವಾಂಸರೇ ಸಂಶಯಪಡುವ ಸ್ಥಿತಿ ಬಂತು. ಯಾನೊಶ್ ಶುಲೆಕ್ ಎಂಬ ವಾಸ್ತುತಜ್ಞ 1934ರಲ್ಲಿ ಅಗೆದು ಅದನ್ನು ಕಂಡುಹಿಡಿದರು. ಎಸ್ತರ್ಗೋಮ್‌ನ ಹೂತುಹೋಗಿದ್ದ ರಾಜಗೃಹದ ಉತ್ಖನನ ಆರಂಭವಾದದ್ದೂ ಅದೇ ವರ್ಷ. ಈಗ ಅಂಗಳವೂ ಕೆಂಪು ಕಲ್ಲಿನ ಕಾರಂಜಿಯೂ ಮತ್ತೆ ಎದ್ದಿವೆ. ಎಲ್ಲಿ ಹಳೆಯ ಕಲ್ಲು ಮುಗಿದು ಹೊಸದು ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣುವಂತೆಯೇ ಕಟ್ಟಿದ್ದಾರೆ, ಅದು ಪ್ರಾಮಾಣಿಕವಾದ ಕೆಲಸ. ಇಲ್ಲಿ ನಮಗೆ ಸಿಕ್ಕ ಅರ್ಧ ಗಂಟೆ ಏನೇನೂ ಸಾಲದು.

ಕೋಟೆಯ ಮೇಲಿನಿಂದ ಕಾಣುವ ನೋಟದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಎದುರು ದಡದ ನಾಗ್ಯಮಾರೊಶ್ ಎಂಬ ಊರಿನ ಮುಂದೆ ನದಿ ಕಿರಿದಾಗಿ, ಬೆಟ್ಟಗಳ ನಡುವೆ ಬಾಗಿ ಹರಿಯುತ್ತದೆ. ಭಾವ ಬಹಳ ಹೊತ್ತು ನೋಡುತ್ತಿದ್ದು, “ಯಾವ ಎಂಜಿನಿಯರನನ್ನು ಇಲ್ಲಿ ತಂದು ನಿಲ್ಲಿಸಿದರೂ ಅಣೆಕಟ್ಟಿನ ಯೋಚನೆ ಬಂದೇ ಬರುತ್ತದೆ” ಎಂದರು. ಮಾರ್ಗದರ್ಶಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಕೆಯ ಮುಖ ಅರಳಿತು, ಏಕೆಂದರೆ ಮುಂದಿನ ಕಥೆ ಅದೇ ಆಗಿತ್ತು. 1977ರಲ್ಲಿ ಹಂಗೇರಿ ಮತ್ತು ಚೆಕೊಸ್ಲೊವಾಕಿಯಗಳು ಮೇಲ್ಭಾಗದಲ್ಲಿ ಗಾಬ್ಚಿಕೊವೊ, ಕೆಳಭಾಗದಲ್ಲಿ ನಾಗ್ಯಮಾರೊಶ್ ಎಂದು ಎರಡು ಕಡೆ ವಿದ್ಯುತ್ ಯೋಜನೆಯ ಒಪ್ಪಂದ ಮಾಡಿಕೊಂಡವು. ನಾಗ್ಯಮಾರೊಶ್‌ನಲ್ಲಿ ಕೆಲಸವೂ ನಡೆಯಿತು. ಕುಡಿಯುವ ನೀರಿನ ಸೆಲೆಗಳು, ಕಾಡು, ಈ ನೋಟ ಎಲ್ಲವೂ ಹಾಳಾಗುತ್ತವೆಂದು ಜೀವವಿಜ್ಞಾನಿ ಯಾನೊಶ್ ವಾರ್ಗಾ ಮತ್ತು ಅವರ ಸಂಗಡಿಗರು ದನಿಯೆತ್ತಿದರು. ಒಂದೇ ಪಕ್ಷದ ಆಡಳಿತವಿದ್ದ ದೇಶದಲ್ಲಿ, 1988ರಲ್ಲಿ, ಸಾವಿರಾರು ಜನ ಬುಡಾಪೆಸ್ಟಿನ ಬೀದಿಗಿಳಿದರು. 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿತು. ವ್ಯಾಜ್ಯ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 1997ರಲ್ಲಿ ತೀರ್ಪು ಬಂದಿತು. ಎರಡೂ ಕಡೆಯವರದು ತಪ್ಪಿದೆ, ಕುಳಿತು ಮಾತನಾಡಿ ಎಂಬುದು ಅದರ ಸಾರ. ನಾಗ್ಯಮಾರೊಶ್‌ನಲ್ಲಿ ಅಣೆಕಟ್ಟು ಏಳಲಿಲ್ಲ. ಅಣೆಕಟ್ಟುಗಳ ಮೇಲೆಯೇ ಬದುಕು ಕಳೆದ ಭಾವ ಇದನ್ನು ತದೇಕಚಿತ್ತದಿಂದ ಕೇಳಿದರು, ಮತ್ತು ನೀರಿನ ಸೆಲೆಗಳ ಬಗ್ಗೆ ಆಕೆಯನ್ನು ಊಟದ ಹೊತ್ತಿನವರೆಗೂ ಪ್ರಶ್ನಿಸುತ್ತಲೇ ಇದ್ದರು.

ಊಟದ ನಂತರ ಸೆಂಟೆಂಡ್ರೆ. ಅಂಗಡಿಗಳು, ಪ್ರವಾಸಿಗರು, ಕೆಂಪುಮೆಣಸಿನ ಪುಡಿಯ ಪೊಟ್ಟಣಗಳಿಂದ ತುಂಬಿದ ಅದರ ಮುಖ್ಯ ಬೀದಿಯನ್ನು ಬೇಗ ದಾಟಿಬಿಡುವುದು ಒಳ್ಳೆಯದು. ಊರಿನ ನಿಜವಾದ ಕಥೆ ಚೌಕದ ನಡುವಿನ ಶಿಲುಬೆಯಲ್ಲಿದೆ. 1690ರಲ್ಲಿ ಆಟೊಮನ್ ಸೈನ್ಯದ ಪ್ರತೀಕಾರಕ್ಕೆ ಅಂಜಿ, ಧರ್ಮಗುರು ಆರ್ಸೆನಿಯೆ ಚರ್ನೊಯೆವಿಚ್ ಅವರ ಹಿಂದೆ ಸಾವಿರಾರು ಸರ್ಬ್ ಕುಟುಂಬಗಳು ಉತ್ತರಕ್ಕೆ ಹೊರಟು ಬಂದವು. ಅವರಲ್ಲಿ ಒಂದು ಪಾಲು ಜನ ಇಲ್ಲಿ ನೆಲೆಸಿದರು. 1389ರ ಕೊಸೊವೊ ಯುದ್ಧದಲ್ಲಿ ಮಡಿದ ತಮ್ಮ ಅರಸ ಲಾಜರನ ಅಸ್ಥಿಗಳನ್ನೂ ಜೊತೆಯಲ್ಲಿ ಹೊತ್ತು ತಂದಿದ್ದರು. ಮರಳಿ ಹೋಗುವೆವು ಎಂಬ ನಂಬಿಕೆಯಿಂದ ಮೊದಲು ಮರದ ಚರ್ಚುಗಳನ್ನು ಕಟ್ಟಿಕೊಂಡರು, ಮರಳುವುದು ಆಗದೆಂದು ತಿಳಿದ ಮೇಲೆ, ಹದಿನೆಂಟನೆಯ ಶತಮಾನದಲ್ಲಿ, ಕಲ್ಲಿನಲ್ಲಿ ಕಟ್ಟಿದರು. ನದಿಯ ವ್ಯಾಪಾರದಿಂದಲೂ ದ್ರಾಕ್ಷಿ ತೋಟಗಳಿಂದಲೂ ಸಿರಿವಂತರಾದರು. ಪ್ಲೇಗು ತಮ್ಮ ಊರನ್ನು ಬಿಟ್ಟುಹೋದದ್ದಕ್ಕೆ ಕೃತಜ್ಞತೆಯಾಗಿ ಸರ್ಬ್ ವ್ಯಾಪಾರಿಗಳು 1763ರಲ್ಲಿ ಈ ಶಿಲುಬೆಯನ್ನು ನಿಲ್ಲಿಸಿದರು. ಮುಂದೆ 1880ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿಯ ಬೇರುಗಳನ್ನು ತಿಂದುಹಾಕಿತು, ಮೊದಲ ಮಹಾಯುದ್ಧದ ಬಳಿಕ ಬಹಳ ಮಂದಿ ಸರ್ಬರು ಹೊಸದಾಗಿ ರೂಪುಗೊಂಡ ತಮ್ಮ ರಾಜ್ಯಕ್ಕೆ ಹೊರಟುಹೋದರು. ಕೈಯಲ್ಲಿ ಹಣವಿಲ್ಲದ ಊರು ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟಲಾರದೆ ಇದ್ದ ಹಾಗೆಯೇ ಉಳಿಯಿತು. 1920ರ ದಶಕದಲ್ಲಿ ಚಿತ್ರಕಾರರು ಇಲ್ಲಿಗೆ ಬರತೊಡಗಿದ್ದು ಆ ಹಳೆತನವನ್ನೇ ಮೆಚ್ಚಿ.

ಚರ್ಚ್ ಗುಡ್ಡದ ಮೇಲೆ ಹತ್ತಿದಾಗ ಕೆಂಪು ಹಂಚಿನ ಮಾಡುಗಳ ನಡುವೆ ಗಂಟೆಗೋಪುರಗಳು ಎದ್ದು ಕಾಣುತ್ತಿದ್ದವು. ಒಂದು ಚರ್ಚಿನಲ್ಲಿ ಸರ್ಬಿಯನ್ ಪ್ರಾರ್ಥನೆ ಇಂದಿಗೂ ನಡೆಯುತ್ತದೆ ಎಂದು ಮಾರ್ಗದರ್ಶಿ ಹೇಳಿದರು. ಚೌಕದ ಪಕ್ಕದ ಬ್ಲಾಗೊವೆಶ್ಟೆನ್ಸ್ಕಾ ಚರ್ಚಿನ ಒಳಗೆ ಸಂತರ ಚಿತ್ರಗಳ ಎತ್ತರದ ಗೋಡೆಯ ಮುಂದೆ ನಾವು ಕೊನೆಯ ಹದಿನೈದು ನಿಮಿಷ ಕಳೆದೆವು.

ದೋಣಿಗೆ ಹತ್ತುವ ದಡದ ಮೇಲೆ ಭಾವನಿಗೆ ಬೇಕಾದ ಮಾತುಕತೆ ಮತ್ತೆ ಸಿಕ್ಕಿತು. 2013ರ ಜೂನ್‌ನಲ್ಲಿ ಬುಡಾಪೆಸ್ಟ್ ಬಳಿ ನದಿಯ ಮಟ್ಟ 891 ಸೆಂಟಿಮೀಟರ್‌ಗೆ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿತ್ತು. ದೋಣಿ ಸೆಂಟೆಂಡ್ರೆ ದ್ವೀಪದ ಪಕ್ಕದ ಕಿರುಗವಲಿನಲ್ಲಿ ಇಳಿದು ದೊಡ್ಡ ನದಿಯನ್ನು ಕೂಡಿಕೊಳ್ಳುವವರೆಗೂ ಭಾವ ಮತ್ತು ಮಾರ್ಗದರ್ಶಿ ಇಬ್ಬರೂ ಮರಗಳ ಕಾಂಡದ ಮೇಲಿನ ಕೆಸರಿನ ಗುರುತುಗಳನ್ನು ತೋರಿಸಿಕೊಂಡು ಮಾತನಾಡುತ್ತಿದ್ದರು.

ಹೋಗಬಯಸುವವರಿಗೆ ನನ್ನ ಸಲಹೆ ಇಷ್ಟು. ಸೆಂಟೆಂಡ್ರೆಗೆ ಬುಡಾಪೆಸ್ಟಿನ ಪಶ್ಚಿಮ ದಂಡೆಯಾದ ಬುಡಾ ಬದಿಯ ಬತ್ಯಾನಿ ಚೌಕದಿಂದ ಉಪನಗರ ರೈಲು ನೇರವಾಗಿ ಹೋಗುತ್ತದೆ, ಸುಮಾರು ನಲವತ್ತು ನಿಮಿಷದ ದಾರಿ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಂಡು ಮಾರ್ಗದರ್ಶಿಯೊಂದಿಗಿನ ದಿನವನ್ನು ಎಸ್ತರ್ಗೋಮ್ ಮತ್ತು ವಿಶೆಗ್ರಾಡ್‌ಗೆ ಪೂರ್ತಿಯಾಗಿ ಕೊಡುವ ಪ್ರವಾಸ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಆಗ ಸೇತುವೆಯ ಮೇಲೆ ನಡೆದು ಆಚೆ ದಡದಿಂದ ಬಸಿಲಿಕಾವನ್ನು ನೋಡಲೂ, ವಿಶೆಗ್ರಾಡ್ ಅರಮನೆಯ ಕೋಣೆಗಳಲ್ಲಿ ಒಂದೆರಡು ಗಂಟೆ ಕಳೆಯಲೂ ಬಿಡುವು ದೊರೆಯುತ್ತದೆ.