ಕಿಸುವೊಳಲಿಗೆ ಹೋಗಿಬಂದೆವು

ಪಟ್ಟದಕಲ್ಲಿಗೆ ನಾನು ಈ ಮೊದಲು ಮೂರು ಸಲ ಹೋಗಿದ್ದೆ. ಕಿಸುವೊಳಲನ್ನು ನೋಡಿದ್ದು ಮಾತ್ರ ಈ ಸಲವೇ. ಎರಡೂ ಒಂದೇ ಊರು.

ಇದಕ್ಕೆಲ್ಲ ಕಾರಣ ಅಣ್ಣನ ಮಗಳು. ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ಒಂದು ರಾತ್ರಿ ಕವಿರಾಜಮಾರ್ಗದ ಪದ್ಯ ಬಾಯಿಪಾಠ ಮಾಡುತ್ತ ಕೂತಿದ್ದಳು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈ ನಾಲ್ಕರ ನಡುವಿನ ನಾಡೇ ಕನ್ನಡದ ತಿರುಳು ಅಂತ 9ನೇ ಶತಮಾನದಲ್ಲೇ ಶ್ರೀವಿಜಯ ಹೇಳಿಟ್ಟಿದ್ದಾನೆ. ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಒಂಕುಂದ ಅಂದರೆ ಬೈಲಹೊಂಗಲ ತಾಲ್ಲೂಕಿನ ಒಕ್ಕುಂದ. "ಕೊಪಣ ಕೊಪ್ಪಳ ಆತು, ಒಂಕುಂದ ಒಕ್ಕುಂದ ಆತು. ತಿಳಿತೈತಿ. ಕಿಸುವೊಳಲು ಹೆಂಗ ಪಟ್ಟದಕಲ್ಲು ಆತು ಕಾಕಾ?" ಅಂದಳು. ಬಾಯಲ್ಲಿ ಹೇಳಿದರೆ ಪರೀಕ್ಷೆ ತನಕ ನೆನಪಿರುತ್ತೆ. ಕರೆದುಕೊಂಡು ಹೋಗಿ ತೋರಿಸಿದರೆ ಜೀವ ಇರೋತನಕ ಇರುತ್ತೆ ಅನಿಸಿತು. ಮುಂದಿನ ರವಿವಾರ ಬೆಳಗಿನ ಗಾಡಿ ಹಿಡಿದೆವು.

ವಿಜಯಪುರದಿಂದ ಬಾದಾಮಿಗೆ ರೈಲಿನಲ್ಲಿ ಹೋಗುವುದೇ ಚಂದ. ಆಲಮಟ್ಟಿ ದಾಟಿದ ಮೇಲೆ ಕೃಷ್ಣೆಯ ಸೇತುವೆ ಬರುತ್ತೆ. ಅಲ್ಲಿ ಇಬ್ಬರೂ ಬಾಗಿಲ ಹತ್ತಿರ ನಿಂತು ನೀರು ನೋಡಿದೆವು. ವಾಪಸ್ ಬಂದು ಕೂತ ಮೇಲೆ ಅವಳ ನೋಟ್‌ಬುಕ್ಕಿನಲ್ಲಿ ಆ ಹೆಸರನ್ನು ಬಿಡಿಸಿ ಬರೆದೆ. ಕಿಸು, ಪೊಳಲ್.

ಕಿಸು ಅಂದರೆ ಕೆಂಪು. ಹಳಗನ್ನಡದಲ್ಲಿ ಕಿಸುಗಣ್ ಅಂದರೆ ಕೆಂಪಾದ ಕಣ್ಣು, ಕಿಸುಗಲ್ ಅಂದರೆ ಮಾಣಿಕ್ಯ. ಪೊಳಲ್ ಅಂದರೆ ಪಟ್ಟಣ. ಎರಡೂ ಕೂಡಿದಾಗ ಪಕಾರ ಹೋಗಿ ವಕಾರ ಬಂತು. ಕಣ್ಣಿಗೆ ಪನಿ ಸೇರಿದಾಗ ಪಕಾರ ಬಕಾರವಾಗಿ ಕಂಬನಿ ಆಗುತ್ತಲ್ಲ, ಹಾಗೆಯೇ. "ಆದೇಶ ಸಂಧಿ!" ಅಂತ ಅವಳು ಕೂಗಿದ್ದಕ್ಕೆ ಎದುರು ಸೀಟಿನವರು ತಿರುಗಿ ನೋಡಿದರು. ಕಿಸು ಈಗ ಬಳಕೆಯಲ್ಲಿಲ್ಲ. ಪೊಳಲು ಹೋಗಿಲ್ಲ, ವೇಷ ಬದಲಿಸಿಕೊಂಡು ಕೂತಿದೆ. ಪಕಾರ ಹಕಾರವಾಗಿ ಹೊಳಲು ಆಯಿತು. ಹೂವಿನಹಡಗಲಿ ಕಡೆ ಹೊಳಲು ಅನ್ನೋ ಊರೇ ಇದೆ, ಚಿತ್ರದುರ್ಗದ ಕಡೆ ಹೊಳಲ್ಕೆರೆ ಇದೆ. ಪಕಾರ ಬಿಡದ ಕರಾವಳಿಯಲ್ಲಿ ಪೊಳಲಿ ಇದೆ. ಸುಮ್ನೆ ಊರ ಹೆಸರು ಅಂತ ದಿನಾ ಹೇಳುತ್ತೇವೆ. ಒಳಗೆ ಸಾವಿರ ವರ್ಷದ ಕನ್ನಡ ಇರುತ್ತೆ, ಅಲ್ವಾ?

ಬಾದಾಮಿಯಲ್ಲಿ ಇಳಿದು ಮೊದಲು ಬನಶಂಕರಿಗೆ ಹೋದೆವು. ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವ್ವ ಕೈಮೇಲೆ ಎರಡೆರಡು ಜೋಳದ ರೊಟ್ಟಿ ಇಟ್ಟು, ಅದರ ಮೇಲೇ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದಳು. ಕುಡಿಕೆ ಮೊಸರನ್ನು ಬೇರೆ ಕೊಟ್ಟಳು. ಉಂಡು ಟಂಟಂ ಹತ್ತಿದೆವು.

ದಾರಿಯುದ್ದಕ್ಕೂ ಕೆಂಪು. ಬಾದಾಮಿ ಗುಡ್ಡದ ಕೆಂಪು ಎಲ್ಲರಿಗೂ ಗೊತ್ತು. ಈ ಮರಳುಗಲ್ಲಿನೊಳಗೆ ಕಬ್ಬಿಣದ ಅಂಶ ಇದೆ, ಅದಕ್ಕೇ ಈ ಬಣ್ಣ. ಪಟ್ಟದಕಲ್ಲಿನ ಗುಡಿಗಳಿಗೆ ಹಾಕಿದ್ದೂ ಇದೇ ಕಲ್ಲು. ಬೇಲಿ ಹೊರಗೆ ದಾರಿಯ ಮೇಲೆ ಬಿದ್ದಿದ್ದ ಎರಡು ಚೂರು ತೆಗೆದುಕೊಂಡು ಒಂದಕ್ಕೊಂದು ತಿಕ್ಕು ಅಂದೆ. ತಿಕ್ಕಿದಳು. ಅಂಗೈ ಮೇಲೆ ಸಣ್ಣ ಪುಡಿ ಉದುರಿತು, ಹರಳು ಹರಳಾಗಿ, ಇಟ್ಟಿಗೆಗಿಂತ ತುಸು ತಿಳಿ ಬಣ್ಣದ್ದು. ಊದಿದರೂ ಬೆರಳಿನ ಗೆರೆಯೊಳಗೆ ಕೂತಿತ್ತು. "ಇದೇ ಕಿಸು" ಅಂದೆ.

ಸಂಸ್ಕೃತದಲ್ಲಿ ಬರೆದವರು ಇದನ್ನೇ ರಕ್ತಪುರ ಅಂದರು. ಅರ್ಥ ಅದೇ. ಆದರೂ ನನಗೆ ಕಿಸುವೊಳಲು ಅನ್ನೋದೇ ಇಷ್ಟ. ರಕ್ತ ಅಂದಾಗ ಯುದ್ಧ ನೆನಪಾಗುತ್ತೆ, ಕಿಸು ಅಂದಾಗ ಕಲ್ಲು ಕಾಣುತ್ತೆ. ಚಾಲುಕ್ಯ ಅರಸರಿಗೆ ಇಲ್ಲಿ ಪಟ್ಟ ಕಟ್ಟುತ್ತಿದ್ದರು ಅನ್ನೋ ನೆನಪಿನಿಂದ ಮುಂದೆ 'ಪಟ್ಟದ' ಅನ್ನೋ ಮಾತು ಸೇರಿಕೊಂಡಿತು. 12ನೇ ಶತಮಾನದ ಸಿಂದ ಅರಸರ ಕಾಲಕ್ಕೆ ಇದು ಪಟ್ಟದ ಕಿಸುವೊಳಲು. ಕೊನೆಗೆ ಕಿಸುವೊಳಲು ಉದುರಿ, ಪಟ್ಟ ಉಳಿದು, ಕಲ್ಲು ಬಂದು ಕೂಡಿತು. ಅವಳ ಪ್ರಶ್ನೆಗೆ ಉತ್ತರ ಇಷ್ಟೇ. ಹೆಸರಿನಲ್ಲಿ ಕೆಂಪು ಹೋಯಿತು, ಕಲ್ಲಿನಲ್ಲಿ ಇದೆ.

ಒಳಗೆ ವಿರೂಪಾಕ್ಷ ಗುಡಿಯಲ್ಲೇ ಜಾಸ್ತಿ ಹೊತ್ತು ನಿಂತೆವು. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಕಟ್ಟಿದ ಶಿಲ್ಪಿಯ ಬಿರುದು ಶಾಸನದಲ್ಲಿದೆ: ತೆಂಕಣ ದಿಸೆಯ ಸೂತ್ರಧಾರಿ. ತೆಂಕಣ ಅಂದರೆ ದಕ್ಷಿಣ. ಇಡೀ ದಕ್ಷಿಣಕ್ಕೆ ಸೂತ್ರಧಾರಿ! ಆ ಮಾತು ಹೇಳುವಾಗ ನನ್ನ ಗಂಟಲು ಕಟ್ಟಿತು. ಆ ಗೋಡೆಯ ಎದುರೇ ನಿಂತಿದ್ದೆವಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತಾಗ ಅವಳು ಇನ್ನೊಂದು ಕೇಳಿದಳು. ಫಲಕದಲ್ಲೋ ಪುಸ್ತಕದಲ್ಲೋ ಕಿಸುಕಾಡು 70 ಅಂತ ಓದಿದ್ದಳು. ಊರ ಹೆಸರಿಗೆ ಲೆಕ್ಕ ಯಾಕೆ? ಹಳೆಯ ಶಾಸನಗಳಲ್ಲಿ ನಾಡುಗಳನ್ನು ಹೇಳುತ್ತಿದ್ದದ್ದೇ ಹೀಗೆ. ಕಿಸುಕಾಡು ಎಪ್ಪತ್ತು ಈ ಪಟ್ಟದಕಲ್ಲಿನ ಸುತ್ತಿನ ನಾಡು. ಬಾಗಡಗೆ ಎಪ್ಪತ್ತು ನಮ್ಮ ಬಾಗಲಕೋಟೆ. ಕೆಲವಾಡಿ 300, ತರ್ದವಾಡಿ 1000, ಬೆಳಗಾವಿ ಕಡೆ ಕೂಂಡಿ 3000, ಹಲಸಿಗೆ 12000. ಆ ನಾಡಿಗೆ ಸೇರಿದ ಹಳ್ಳಿಗಳ ಎಣಿಕೆ ಇದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹನ್ನೆರಡು ಸಾವಿರದಂಥ ದೊಡ್ಡ ಅಂಕಿಗೆ ಕಂದಾಯದ ಲೆಕ್ಕ ಕಾರಣ ಅನ್ನುವವರೂ ಇದ್ದಾರೆ. ಎಪ್ಪತ್ತರ ಮಟ್ಟಿಗೆ ನನಗೆ ಹಳ್ಳಿಯ ಲೆಕ್ಕವೇ ಸರಿ ಅನಿಸುತ್ತೆ. ಅಷ್ಟು ಊರು ಈ ಹೊಳೆಯ ಎರಡೂ ದಂಡೆಯಲ್ಲಿ ಆರಾಮಾಗಿ ಸಿಗುತ್ತವೆ. "ನಮ್ಮೂರು ಯಾವುದರಾಗ ಬರ್ತಿತ್ತು?" ಅಂದಳು. ತರ್ದವಾಡಿ ಸಾವಿರದಾಗ ಅಂದೆ. ಖುಷಿಯಾಗಿ ಬರೆದುಕೊಂಡಳು.

ಮಲಪ್ರಭೆ ಇಲ್ಲಿ ಬಡಗಣಕ್ಕೆ, ಅಂದರೆ ಉತ್ತರಕ್ಕೆ, ತಿರುಗಿ ಹರಿಯುತ್ತಾಳೆ. ದಂಡೆಗೆ ಇಳಿದಾಗ ಎಮ್ಮೆ ಮೈತೊಳೆಯುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ಹುಡುಗಿ ಬಿಡಲಿಲ್ಲ, ಕೇಳಿಯೇಬಿಟ್ಟಳು. "ಅಜ್ಜಾರ, ಕಿಸು ಅಂದ್ರ ಗೊತ್ತೇನ್ರಿ?"

"ಕಿಸುನಾ? ಇಲ್ಲವಾ ತಂಗಿ. ಏನದು?"

ಕೆಂಪಂತ್ರಿ, ಈ ನೆಲ ಕೆಂಪೈತಲ್ಲ ಅದಕ್ಕ ಹಂಗಂತಿದ್ರಂತ ಅಂತ ಹೇಳಿದಳು. ಅಜ್ಜ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಗುಡ್ಡದ ಕಡೆ ಕೈ ತೋರಿಸಿದರು. "ಅಕಾ, ಅದು ಮಸಾರಿ. ಕೆಂಪು ನೆಲ. ಇಲ್ಲೆ ಹೊಳಿ ಸನೇಕ ಎರಿ, ಕರೀದು. ನಮ್ಮ ಹೊಲ ಅರ್ಧ ಅದು, ಅರ್ಧ ಇದು. ಎರಿಗೆ ಬಿಳಿಜೋಳ ಆಗ್ತೈತಿ, ಮಸಾರಿಗೆ ಸಜ್ಜಿ, ಶೇಂಗಾ."

ಕಿಸು ಅನ್ನೋ ಮಾತು ಅಜ್ಜನ ತನಕ ಬಂದಿಲ್ಲ. ಆದರೆ ನೆಲವನ್ನು ಬಣ್ಣದಿಂದ ಕರೆಯುವ ರೂಢಿ ಬಂದಿದೆ. ನಾನು ವಿಜಯಪುರದ ಎರಿ ನೆಲದಲ್ಲಿ ಹುಟ್ಟಿದವನು. ಮಸಾರಿ ಅನ್ನೋದನ್ನು ಎಷ್ಟೋ ಸಲ ಕೇಳಿದ್ದರೂ ಕಿಸುವೊಳಲಿನ ಪಕ್ಕಕ್ಕೆ ಇಟ್ಟು ನೋಡಿರಲಿಲ್ಲ. ಅಜ್ಜನಿಗೆ ಕೈಮುಗಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ, ಆದರೂ ಮುಗಿದರು.

ಇದೇ ಹೊಳೆಯ ಮೇಲ್ದಂಡೆಗೆ ಒಕ್ಕುಂದ ಇದೆ. ದಸರಾ ಸೂಟಿಗೆ ಅಲ್ಲಿಗೆ ಹೋಗೋಣ ಅಂತ ಮಾತಾಗಿದೆ.

ಸಂಜೆಯ ಗಾಡಿಯಲ್ಲಿ ಅವಳು ಕಿಟಕಿ ಬಿಡಲಿಲ್ಲ. ಗುಳೇದಗುಡ್ಡ ರೋಡ್ ಹೋಯಿತು, ಬಾಗಲಕೋಟೆ ಹೋಯಿತು, ಕೃಷ್ಣೆ ಹೋದಳು. ಆಲಮಟ್ಟಿ ದಾಟಿ ಸ್ವಲ್ಪ ಹೊತ್ತಾಗಿತ್ತು. ನನಗೆ ಜೊಂಪು ಹತ್ತಿತ್ತು. ತೋಳು ಹಿಡಿದು ಅಲುಗಿಸಿ, ಹೊರಗಿನ ಹೊಲ ತೋರಿಸಿದಳು.

"ಕಾಕಾ, ಎರಿ ಬಂತು."