ಈ ಸಲ ಯಾವ ಅನಿಮೆ ಗೆಲ್ಲುತ್ತೆ?

"ಸರ್, ಈ ಸಲ ಅನಿಮೆ ಆಫ್ ದಿ ಇಯರ್ ಯಾವುದಕ್ಕೆ?" ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಪಾಠಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಹುಡುಗರು ಕೇಳುವುದು ಕ್ರಂಚಿರೋಲ್ ಅನಿಮೆ ಅವಾರ್ಡ್ಸ್ ಬಗ್ಗೆ. ಅನಿಮೆ ಅಂದರೆ ಜಪಾನಿನ ಕಾರ್ಟೂನ್, ಕ್ರಂಚಿರೋಲ್ ಅವನ್ನು ಆನ್‌ಲೈನ್‌ನಲ್ಲಿ ತೋರಿಸುವ ಕಂಪನಿ. 2017ರಲ್ಲಿ ಶುರುವಾದ ಪ್ರಶಸ್ತಿ. 2023ರಿಂದ ಟೋಕಿಯೋದಲ್ಲಿ ಜೋರಾಗಿ ಸಮಾರಂಭ ನಡೆಯುತ್ತಿದೆ. 2024ರಲ್ಲಿ ಹಾಸನ ದಾಟಿದರೆ ಸಿಗುವ ಕೊಡಗಿನ ರಶ್ಮಿಕಾ ಮಂದಣ್ಣ ಆ ವೇದಿಕೆ ಹತ್ತಿದ ಮೇಲೆ ನಮ್ಮ ಅತ್ತೆಯೂ ಒಮ್ಮೆ "ಅದೇನೋ ಜಪಾನಿಂದು, ಯಾರಿಗೆ ಬಂತಂತೆ?" ಅಂತ ಕೇಳಿದ್ದರು.

ನನ್ನ ಉತ್ತರ ಯಾವಾಗಲೂ ಒಂದೇ. ಯಾವುದು ಚೆನ್ನಾಗಿದೆ ಅಂತ ನೋಡಬೇಡಿ. ಮತ ಹಾಕುವ ವಾರದಲ್ಲಿ ಜನ ಯಾವುದರ ಗುಂಗಿನಲ್ಲಿದ್ದಾರೆ ಅಂತ ನೋಡಿ. ಇಲ್ಲಿನ ಪ್ಲಾಂಟರುಗಳು ಕಾಫಿ ರೇಟು ಅಂದಾಜು ಮಾಡುವಾಗ ಸ್ವಂತ ತೋಟದ ಹಣ್ಣನ್ನಷ್ಟೇ ನೋಡುತ್ತಾರಾ? ಬ್ರೆಜಿಲ್‌ನಲ್ಲಿ ಮಳೆ ಹೇಗಿದೆ ಅಂತ ವಿಚಾರಿಸುತ್ತಾರೆ. ಇದೂ ಅಷ್ಟೇ.

2025ರ ಕಥೆ ತಗೊಳ್ಳಿ. ಕಣದಲ್ಲಿ ಆರು ಸರಣಿ ಇದ್ದವು: ಸೋಲೋ ಲೆವೆಲಿಂಗ್, ಫ್ರೀರೆನ್, ಡಂಡಡಾನ್, ಡೆಲಿಶಿಯಸ್ ಇನ್ ಡಂಜನ್, ಕೈಜು ನಂಬರ್ 8, ಅಪೋಥೆಕರಿ ಡೈರೀಸ್. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಫ್ರೀರೆನ್ ಬಿಟ್ಟರೆ ಬೇರೆ ಮಾತೇ ಇಲ್ಲ ಅಂತ ಕೂತಿದ್ದ. ಅವನ ಮೆಚ್ಚುಗೆಯಲ್ಲಿ ತಪ್ಪಿಲ್ಲ. ಸಾವಿರ ವರ್ಷಕ್ಕೂ ಹೆಚ್ಚು ಬದುಕುವ ನಾಯಕಿ ಫ್ರೀರೆನ್, ಹತ್ತು ವರ್ಷ ಜೊತೆಗೆ ಅಲೆದ ಹಿಮ್ಮೆಲ್ ಸತ್ತಾಗ, ಇವನನ್ನು ಇನ್ನೂ ಸ್ವಲ್ಪ ತಿಳಿದುಕೊಳ್ಳಬೇಕಿತ್ತು ಅಂತ ಮಣ್ಣು ಮಾಡುವ ಜಾಗದಲ್ಲಿ ಅಳುತ್ತಾಳಲ್ಲ, ಅಂಥ ಮೊದಲ ಕಂತು ಎಷ್ಟು ಸರಣಿಗಳಿಗಿದೆ? ನನ್ನ ಮತವೂ ಅದಕ್ಕೇ ಹೋಯಿತು. ಆದರೆ ಪಂದ್ಯ ಕಟ್ಟಿದ್ದು ಸೋಲೋ ಲೆವೆಲಿಂಗ್ ಮೇಲೆ.

ಯಾಕೆ ಅಂದರೆ ಕ್ಯಾಲೆಂಡರ್. ಫ್ರೀರೆನ್ ಮೊದಲ ಸೀಸನ್ ಮುಗಿದದ್ದು 2024ರ ಮಾರ್ಚ್‌ನಲ್ಲಿ. ಸೋಲೋ ಲೆವೆಲಿಂಗ್ ಮೊದಲ ಸೀಸನ್ ಮುಗಿದದ್ದೂ ಅದೇ ತಿಂಗಳು. ಅಲ್ಲಿಗೆ ಸಮ ಸಮ, ಅಲ್ವಾ? ಆದರೆ ಸೋಲೋ ಲೆವೆಲಿಂಗ್‌ನ ಎರಡನೇ ಸೀಸನ್ 2025ರ ಜನವರಿಯಲ್ಲಿ ಶುರುವಾಗಿ ಮಾರ್ಚ್ ಕೊನೆಗೆ ಮುಗಿಯಿತು. ಮತದಾನ ಶುರುವಾದದ್ದು ಏಪ್ರಿಲ್ ಮೊದಲ ವಾರ. ಕಣದಲ್ಲಿದ್ದದ್ದು ಹಳೇ ಸೀಸನ್, ಜನರ ತಲೆಯಲ್ಲಿದ್ದದ್ದು ಹೊಸದು. ಐಜಿ ರಸ್ತೆಯಲ್ಲಿ ನಿಲ್ಲಿಸಿದ್ದ ಒಂದು ಬೈಕಿನ ಟ್ಯಾಂಕ್ ಮೇಲೆ ಸೋಲೋ ಲೆವೆಲಿಂಗ್ ನಾಯಕ ಸುಂಗ್ ಜಿನ್‌ವೂ ಸ್ಟಿಕ್ಕರ್ ಇತ್ತು, ನೇರಳೆ ಕಣ್ಣು, ಕೆಳಗೆ ದಪ್ಪಕ್ಷರದಲ್ಲಿ 'ಅರೈಸ್' (ಎದ್ದೇಳು) ಅಂತ. ಫ್ರೀರೆನ್ ಸ್ಟಿಕ್ಕರ್ ಹಾಕಿದ ಬೈಕನ್ನು ನಾನಂತೂ ಈ ಊರಲ್ಲಿ ನೋಡಿಲ್ಲ. ಆ ವರ್ಷ ಬಿದ್ದ ಮತ 5.1 ಕೋಟಿ. ಹಿಂದಿನ ವರ್ಷ 3.4 ಕೋಟಿ. ದಿನಕ್ಕೊಮ್ಮೆ ಮತ ಹಾಕಬಹುದಾದ್ದರಿಂದ ಗುಂಗು ಹಿಡಿದವರು ದಿನಾ ಬಂದು ಒತ್ತುತ್ತಾರೆ. ಸೋಲೋ ಲೆವೆಲಿಂಗ್ ಅನಿಮೆ ಆಫ್ ದಿ ಇಯರ್ ಸೇರಿ ಒಂಬತ್ತು ಪ್ರಶಸ್ತಿ ಬಾಚಿಕೊಂಡಿತು. ಫ್ರೀರೆನ್‌ಗೆ ಉತ್ತಮ ನಿರ್ದೇಶನ, ಉತ್ತಮ ಡ್ರಾಮಾ ಥರದವು ಬಂದವು. ಅಂದರೆ ಮರ್ಯಾದೆಗೇನೂ ಕಡಿಮೆಯಾಗಲಿಲ್ಲ.

ಒಂದೇ ವರ್ಷ ನೋಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 2021ರಲ್ಲಿ ಜುಜುತ್ಸು ಕೈಸೆನ್ ಗೆದ್ದಾಗ ಅದರ ಮೊದಲ ಸೀಸನ್ ಇನ್ನೂ ಮುಗಿದೇ ಇರಲಿಲ್ಲ! ಜನವರಿಯಲ್ಲಿ ಮತ, ಮಾರ್ಚ್‌ನಲ್ಲಿ ಕೊನೆಯ ಕಂತು. 2022ರಲ್ಲಿ ಗೆದ್ದದ್ದು ಅಟ್ಯಾಕ್ ಆನ್ ಟೈಟನ್ ಫೈನಲ್ ಸೀಸನ್ನಿನ ಮೊದಲ ಭಾಗ. ಮತ ಹಾಕುವಾಗ ಎರಡನೇ ಭಾಗ ವಾರ ವಾರ ಬರುತ್ತಿತ್ತು. 2024ರಲ್ಲಿ ಮತ್ತೆ ಜುಜುತ್ಸು ಕೈಸೆನ್, ಈ ಸಲ ಎರಡನೇ ಸೀಸನ್. ಅದರ ಕೊನೆಯ ಭಾಗವಾದ ಶಿಬುಯಾದ ಹೊಡೆದಾಟ ಮುಗಿದದ್ದು ಹಿಂದಿನ ಡಿಸೆಂಬರ್ ಕೊನೆಗೆ, ಮತದಾನ ಜನವರಿಯಲ್ಲಿ. ಮೊದಲ ವರ್ಷ ಗೆದ್ದ ಯೂರಿ ಆನ್ ಐಸ್ ಕೂಡ 2016ರ ಡಿಸೆಂಬರ್‌ನಲ್ಲಷ್ಟೇ ಮುಗಿದಿತ್ತು.

ಇನ್ನೊಂದು ಸುಳಿವು ಸ್ಟುಡಿಯೋ. 2017ರಿಂದ 2025ರವರೆಗಿನ ಒಂಬತ್ತು ಅನಿಮೆ ಆಫ್ ದಿ ಇಯರ್ ಪ್ರಶಸ್ತಿಗಳಲ್ಲಿ ನಾಲ್ಕು ಮಾಪ್ಪಾ ಅನ್ನುವ ಸ್ಟುಡಿಯೋ ಮಾಡಿದ ಸರಣಿಗಳಿಗೆ ಹೋಗಿವೆ: ಯೂರಿ, ಅಟ್ಯಾಕ್ ಆನ್ ಟೈಟನ್, ಎರಡು ಸಲ ಜುಜುತ್ಸು ಕೈಸೆನ್. ಬೇರೆ ಯಾವ ಸ್ಟುಡಿಯೋಗೂ ಎರಡನೇ ಸಲ ಬಂದಿಲ್ಲ.

"ಅವರದ್ದೇ ಕಂಪನಿ, ಅವರದ್ದೇ ಪ್ರಶಸ್ತಿ, ತಮ್ಮಲ್ಲಿ ಓಡುವುದಕ್ಕೇ ಕೊಟ್ಟುಕೊಳ್ಳುತ್ತಾರೆ ಬಿಡಿ ಸರ್" ಅನ್ನುವವರೂ ಇದ್ದಾರೆ. ಅನುಮಾನ ಸಹಜ. ಆದರೆ 2019ರಲ್ಲಿ ಗೆದ್ದ ಡೆವಿಲ್‌ಮ್ಯಾನ್ ಕ್ರೈಬೇಬಿ, 2023ರಲ್ಲಿ ಗೆದ್ದ ಸೈಬರ್‌ಪಂಕ್ ಎಡ್ಜ್‌ರನ್ನರ್ಸ್, ಎರಡೂ ಬಂದದ್ದು ನೆಟ್‌ಫ್ಲಿಕ್ಸ್‌ನಲ್ಲಿ. ಎದುರಾಳಿಯ ಅಂಗಡಿಯ ಸರಕಿಗೆ ಎರಡು ಸಲ ಹಾರ ಹಾಕಿದ್ದಾರೆ.

ಈ ಎರಡು ನನ್ನ ಕ್ಯಾಲೆಂಡರ್ ಲೆಕ್ಕಕ್ಕೂ ಕೈ ಕೊಡುತ್ತವೆ. ಡೆವಿಲ್‌ಮ್ಯಾನ್ ಬಂದದ್ದು 2018ರ ಜನವರಿಯಲ್ಲಿ, ಮತದಾನಕ್ಕೆ ಸುಮಾರು ಒಂದು ವರ್ಷ ಮುಂಚೆ. ಎಡ್ಜ್‌ರನ್ನರ್ಸ್ 2022ರ ಸೆಪ್ಟೆಂಬರ್‌ನಲ್ಲಿ. 2018ರ ಮೇಡ್ ಇನ್ ಅಬಿಸ್ ಕೂಡ ಹಿಂದಿನ ಸೆಪ್ಟೆಂಬರ್‌ಗೇ ಮುಗಿದಿತ್ತು. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಚಿಕ್ಕವು, ಹತ್ತರಿಂದ ಹದಿಮೂರು ಕಂತು. ಮೂರೂ ನೋಡಿದವರ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುವಂಥವು. ಇಲ್ಲಿ ಜನರ ಮತ ಒಂದೇ ಅಲ್ಲ, ಬೇರೆ ಬೇರೆ ದೇಶದ ತೀರ್ಪುಗಾರರ ಮತಕ್ಕೂ ತೂಕವಿದೆ. ಒಂದು ಭಾನುವಾರ ಕೂತರೆ ಮುಗಿಯುವ, ಮನಸ್ಸು ಕಲಕುವ ಸರಣಿ ಅವರಿಗೆ ಹಿಡಿಸಿರಬೇಕು. ಇದು ನನ್ನ ಊಹೆ ಅಷ್ಟೇ. ಎಡ್ಜ್‌ರನ್ನರ್ಸ್‌ಗೆ ಸೈಬರ್‌ಪಂಕ್ ಗೇಮ್ ಆಡುವವರ ದಂಡೂ ಜೊತೆಗಿತ್ತು.

2020ರ ಡೀಮನ್ ಸ್ಲೇಯರ್‌ದು ಸ್ವಲ್ಪ ಬೇರೆ. ಸರಣಿ 2019ರ ಸೆಪ್ಟೆಂಬರ್‌ಗೆ ಮುಗಿದರೂ ಅದರ ಮಾಂಗಾ, ಅಂದರೆ ಮೂಲ ಕಾಮಿಕ್ಸ್, ಜಪಾನಿನಲ್ಲಿ ಆ ವರ್ಷದ ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಕಾವು ಆರುವ ಬದಲು ಏರುತ್ತಲೇ ಇತ್ತು.

(ಸುಮ್ನೆ ಒಂದು ಗೊಣಗಾಟ: ಈಗ ಹಿಂದಿ ಕಂಠದಾನಕ್ಕೂ ಪ್ರಶಸ್ತಿ ಇದೆ. ಸೋಲೋ ಲೆವೆಲಿಂಗ್ ತಮಿಳು, ತೆಲುಗಲ್ಲೂ ಮಾತಾಡುತ್ತೆ. ಕನ್ನಡದಲ್ಲಿ 'ಏಳು' ಅಂತ ಗದರುವ ಜಿನ್‌ವೂ ಯಾವಾಗ ಬರುತ್ತಾನೋ.)

ಹಾಗಾಗಿ ನಾಮಿನೇಷನ್ ಬರುವ ಮುಂಚೆ ನನ್ನ ಹತ್ತಿರ ಹೆಸರು ಕೇಳಬೇಡಿ. ಪಟ್ಟಿ ಬಂದ ದಿನ ಪ್ರತಿ ಹೆಸರಿನ ಪಕ್ಕ ಕೊನೆಯ ಕಂತು ಬಂದ ತಾರೀಖು ಬರೆಯಿರಿ. ಮುಂದಿನ ಸೀಸನ್ನೋ ಸಿನಿಮಾನೋ ಮತದಾನದ ಹೊತ್ತಿಗೆ ಬಂದಿದೆಯಾ ನೋಡಿ. ಬಂದಿದ್ದರೆ ಅದೇ ಮೊದಲ ಆಯ್ಕೆ. ಹದಿಮೂರು ಕಂತಿನೊಳಗೆ ಅಳಿಸಿ ಮುಗಿಸುವಂಥದ್ದು ಏನಾದರೂ ಇದ್ದರೆ ಅದು ಎರಡನೆಯದು. ನಿಮಗೆ ಇಷ್ಟವಾದದ್ದರ ಮೇಲೆ ಮಾತ್ರ ಪಂದ್ಯ ಕಟ್ಟಬೇಡಿ, ಅದಕ್ಕೆ ಮತ ಹಾಕಿ. ಪಂದ್ಯವೂ ಮಸಾಲೆ ದೋಸೆ, ಒಂದು ಕಾಫಿಯ ಮೇಲೆ ಹೋಗುವುದು ಬೇಡ.